ಟೈಲರಕ್ಕನ ಬಲಗಾಲು

ಟೈಲರಕ್ಕ ಓಡಲು ಶುರು ಮಾಡಿದ್ದು ಒಂದು ಜೊತೆ ಶೂ ಹಾಳಾಗಬಾರದು ಎಂಬ ಒಂದೇ ಕಾರಣಕ್ಕೆ. ಮಗಳು ನರ್ಸಿಂಗ್ ಓದಲು ಹಾಸ್ಟೆಲಿಗೆ ಹೋಗುವಾಗ ತನ್ನ ಆಟದ ಶೂಗಳನ್ನು ಬಾಗಿಲ ಹಿಂದೆಯೇ ಬಿಟ್ಟು ಹೋಗಿದ್ದಳು. ತಾಯಿ ಮಗಳ ಪಾದ ಒಂದೇ ಅಳತೆ. ಬೆರಳುದ್ದದ ತುಂಡು ಬಟ್ಟೆಯನ್ನೂ ಎಸೆಯದೆ ಗಂಟು ಕಟ್ಟಿಡುವ ಹೆಂಗಸು, ಗಟ್ಟಿಮುಟ್ಟಾದ ಶೂ ಧೂಳು ತಿನ್ನುವುದನ್ನು ನೋಡಿಕೊಂಡು ಸುಮ್ಮನಿರಲು ಆದೀತೇ? ಒಂದು ಬೆಳಿಗ್ಗೆ ಅವನ್ನು ಕಾಲಿಗೇರಿಸಿಕೊಂಡು ಬೀದಿಯ ತುದಿಯ ಹಾಲಿನ ಅಂಗಡಿಯ ತನಕ ನಡೆದಳು. ಮರುವಾರ ಅಲ್ಲಿಂದ ವಾಪಸು ಬರುವಾಗ ಅಕ್ಕಪಕ್ಕ ಯಾರೂ ಇಲ್ಲವೆಂದು ನೋಡಿಕೊಂಡು ಸ್ವಲ್ಪ ಓಡಿದಳು. ಆಗ ಅವಳಿಗೆ ನಲವತ್ತಾರು ವರ್ಷ. ಹದಿನಾಲ್ಕನೇ ವಯಸ್ಸಿನಿಂದ ಹೊಲಿಗೆ ಮಷೀನಿನ ಮುಂದೆ ಕೂತೇ ಕಳೆದ ಜೀವ ಅದು. ಎದೆ ಹೊಡೆದುಕೊಂಡು, ಮುಖ ಕೆಂಪಗಾಗಿ, ಗೇಟು ಹಿಡಿದುಕೊಂಡು ನಿಂತಾಗ ಅವಳಿಗೆ ನಗು ತಡೆಯಲಾಗಲಿಲ್ಲ. ಯಾಕೆ ನಗುತ್ತಿದ್ದೇನೆ ಎಂದು ಅವಳಿಗೇ ಗೊತ್ತಿರಲಿಲ್ಲ.

ಎರಡು ವರ್ಷದಲ್ಲಿ ಆ ಶೂ ಸವೆದು ಎರಡನೇ ಜೊತೆ ಬಂತು. ಅಷ್ಟರಲ್ಲಿ ಓಟದ ಹುಚ್ಚು ಚೆನ್ನಾಗಿಯೇ ಹಿಡಿದಿತ್ತು.

ಆ ಊರಿನಲ್ಲಿ ವರ್ಷಕ್ಕೊಮ್ಮೆ ದೊಡ್ಡ ಓಟ ನಡೆಯುತ್ತದೆ. ಇಪ್ಪತ್ತೊಂದು ಕಿಲೋಮೀಟರ್. ಎರಡು ಮುಕ್ಕಾಲು ಗಂಟೆಯೊಳಗೆ ಮುಗಿಸಬೇಕು, ಆಮೇಲೆ ರಸ್ತೆಯನ್ನು ವಾಹನಗಳಿಗೆ ಬಿಟ್ಟುಕೊಡುತ್ತಾರೆ. ಅದಕ್ಕೇ ಓಟಗಾರರ ಹಿಂದಿನಿಂದ ಒಂದು ಖಾಲಿ ಬಸ್ಸು ತೆವಳಿಕೊಂಡು ಬರುತ್ತದೆ. ಹಿಂದೆ ಬಿದ್ದವರ ಪಕ್ಕದಲ್ಲಿ ಅದು ಬಂದು ನಿಂತರೆ ಅವರ ಓಟ ಅಲ್ಲಿಗೆ ಮುಗಿದಂತೆ. ಹೋದ ಸಲ ಹದಿನೇಳನೇ ಕಿಲೋಮೀಟರಿನಲ್ಲಿ ಅದು ಟೈಲರಕ್ಕನ ಪಕ್ಕಕ್ಕೆ ಬಂದು ನಿಂತಿತು. "ಹತ್ತಮ್ಮ, ಹೊತ್ತಾಯ್ತು" ಎಂದ ಡ್ರೈವರ್. ಪಾಪ, ಬೈದದ್ದಲ್ಲ. ಅಷ್ಟು ಮೆತ್ತಗೆ ಹೇಳಿದ್ದೇ ಅವಳಿಗೆ ಹೆಚ್ಚು ಚುಚ್ಚಿತು. ಉಳಿದ ನಾಲ್ಕು ಕಿಲೋಮೀಟರನ್ನು ಕಿಟಕಿಯ ಪಕ್ಕ ಕೂತು, ರಸ್ತೆ ಬದಿ ಚಪ್ಪಾಳೆ ತಟ್ಟುವವರ ಕಣ್ಣಿಗೆ ಬೀಳದಂತೆ ಮುಖ ತಗ್ಗಿಸಿಕೊಂಡು ಮುಗಿಸಿದಳು. ಮನೆಗೆ ಬಂದು ಬಚ್ಚಲುಮನೆಯ ನಲ್ಲಿ ಜೋರಾಗಿ ಬಿಟ್ಟುಕೊಂಡು ಅತ್ತಳು.

ಹೊರಗೆ ಗಂಡ ನಲ್ಲಿಯ ಸದ್ದು ಕೇಳುತ್ತ ಕೂತಿದ್ದ. ಅವನು ಊರಿನ ಈಜುಕೊಳದ ಕಾವಲಿನವನು. ಬೆಳಿಗ್ಗೆ ಬಲೆಯಿಂದ ನೀರಿನ ಕಸ ತೆಗೆದು, ಔಷಧಿ ಹಾಕಿ, ಆಮೇಲೆ ದಿನವಿಡೀ ಎತ್ತರದ ಕಬ್ಬಿಣದ ಕುರ್ಚಿಯ ಮೇಲೆ ಕೂತು ಯಾರೂ ಮುಳುಗದಂತೆ ನೋಡಿಕೊಳ್ಳುವುದು ಅವನ ಕೆಲಸ. ಕೊರಳಲ್ಲಿ ಸದಾ ಪೀಪಿ ನೇತಾಡುತ್ತಿತ್ತಾದ್ದರಿಂದ ಈಜಲು ಬರುವ ಮಕ್ಕಳು ಅವನನ್ನು ಪೀಪಿ ಮಾಮ ಎಂದೇ ಕರೆಯುತ್ತಿದ್ದರು. ಮಾತು ಕಡಿಮೆಯ ಮನುಷ್ಯ. ಹೇಳಬೇಕಾದ್ದನ್ನೆಲ್ಲ ಪೀಪಿಯೇ ಹೇಳಿಬಿಡುತ್ತಿದ್ದರಿಂದ ಬಾಯಿಗೆ ಕೆಲಸ ಉಳಿಯುತ್ತಿರಲಿಲ್ಲ ಎಂದು ಹೆಂಡತಿ ಆಡಿಕೊಳ್ಳುತ್ತಿದ್ದಳು.

ಕಣ್ಣು ಕೆಂಪಗೆ ಮಾಡಿಕೊಂಡು ಹೊರಗೆ ಬಂದವಳು ಹೇಳಿದ್ದು ಒಂದೇ ಮಾತು. "ಬರೋ ವರ್ಷ ನನ್ನ ಕಾಲ ಮೇಲೆ ನಾನು ಬರ್ತೀನಿ. ನೋಡ್ತಾ ಇರಿ."

ಮಾರನೆಯ ದಿನದಿಂದಲೇ ಶುರುವಾಯಿತು. ಬೆಳಿಗ್ಗೆ ಐದೂವರೆಗೆ ಓಟ. ವಾಪಸು ಬಂದು ತನ್ನ ಹೊಲಿಗೆ ಅಂಗಡಿಯ ಗೋಡೆಯ ಕ್ಯಾಲೆಂಡರಿನಲ್ಲಿ ಬಟ್ಟೆಗೆ ಗುರುತು ಹಾಕುವ ನೀಲಿ ಸೀಮೆಸುಣ್ಣದಿಂದ ಆ ದಿನದ ಮೇಲೆ ಒಂದು ಗೆರೆ. ಒಂದು ದಿನವೂ ತಪ್ಪಬಾರದು ಎಂಬುದು ಅವಳ ಕಟ್ಟಳೆ. ಜ್ವರ ಬಂದ ದಿನವೂ ಓಡಿದಳು. ಮಗಳು ರಜೆಗೆ ಬಂದ ದಿನವೂ ಅವಳನ್ನು ಬಾಗಿಲಲ್ಲೇ ನಿಲ್ಲಿಸಿ ಓಡಿ ಬಂದಳು. ತಿಂಗಳ ಹಾಳೆ ಹರಿಯುವಾಗ ಮೂವತ್ತೂ ಗೆರೆಗಳನ್ನು ಎಣಿಸಿ, ಹಾಳೆಯನ್ನು ಮಡಚಿ ಅಳತೆಪುಸ್ತಕದೊಳಗೆ ಇಟ್ಟುಕೊಳ್ಳುತ್ತಿದ್ದಳು. ಹೊಲಿದಷ್ಟೂ ಕೈ ಕುದುರುತ್ತದೆ, ಓಡಿದಷ್ಟೂ ಕಾಲು ಕುದುರಬೇಕು. ಅವಳ ಲೆಕ್ಕ ಇಷ್ಟೇ. ತಪ್ಪು ಎನ್ನಲು ಯಾರಿಗೂ ಬಾಯಿ ಬರುತ್ತಿರಲಿಲ್ಲ.

ಕಾಲು ಮಾತ್ರ ಬೇರೆಯೇ ಹೇಳಿತು. ಮೊದಲ ತಿಂಗಳು ಹತ್ತು ಕಿಲೋಮೀಟರಿಗೆ ಎಪ್ಪತ್ತೆಂಟು ನಿಮಿಷ ಬೇಕಾಗಿತ್ತು. ನಾಲ್ಕನೇ ತಿಂಗಳಿಗೆ ಎಂಬತ್ತಮೂರಾಯಿತು. ಆರನೆಯದಕ್ಕೆ ಎಂಬತ್ತೆಂಟು. ಕಾಲಿಗೆ ಸೋಮಾರಿತನ ಬಂದಿದೆ ಎಂದುಕೊಂಡು ದಿನಕ್ಕೆ ಇನ್ನೆರಡು ಕಿಲೋಮೀಟರ್ ಸೇರಿಸಿದಳು. ಅಷ್ಟು ದಣಿದರೂ ನಿದ್ದೆ ಹತ್ತಿರ ಸುಳಿಯಲಿಲ್ಲ. ಊಟ ಸೇರಲಿಲ್ಲ. ಬೆಳಿಗ್ಗೆ ಎದ್ದಾಗಲೇ ಎದೆ ಧಡಧಡ ಹೊಡೆದುಕೊಳ್ಳುತ್ತಿತ್ತು. ಗಿರಾಕಿಗಳ ಮೇಲೆ ಸುಮ್ಮಸುಮ್ಮನೆ ಸಿಡುಕತೊಡಗಿದಳು. ಅಂಗಡಿಯಲ್ಲಿ ಅವಳ ಜೊತೆ ಹತ್ತು ವರ್ಷದಿಂದ ಗುಂಡಿ ಹಾಕುವ, ಅಂಚು ಮಡಚುವ ಕೆಲಸಕ್ಕೆ ಇದ್ದವಳು ಗುಂಡಿಯಕ್ಕ. ಅವಳು ಒಂದು ದಿನ ಹೊಲಿದಿಟ್ಟ ಅಂಗಿಯನ್ನು ಎತ್ತಿ ಹಿಡಿದು, ಆ ಕಡೆ ಈ ಕಡೆ ತಿರುಗಿಸಿ ನೋಡಿದಳು.

"ಅಕ್ಕಾ, ಬೇಜಾರು ಮಾಡ್ಕೋಬೇಡಿ. ಈ ಅಂಗಿಗೆ ಎರಡೂ ಎಡಗೈ ಇದೆ."

ಮೂವತ್ತನಾಲ್ಕು ವರ್ಷದಲ್ಲಿ ಟೈಲರಕ್ಕ ಅಂಥ ತಪ್ಪು ಮಾಡಿರಲಿಲ್ಲ. ಅಂಗಿಯನ್ನು ಕಸಿದುಕೊಂಡು ತೋಳು ಬಿಚ್ಚಲು ಕೂತಳು. ಬಿಚ್ಚುತ್ತ ಬಿಚ್ಚುತ್ತ ಕಣ್ಣು ತುಂಬಿ ದಾರ ಕಾಣದಂತಾಯಿತು.

ಅದೇ ವಾರ ಬಲಗಾಲಿನ ಮುಂಭಾಗದ ಮೂಳೆಯ ಮೇಲೆ, ಪಾದಕ್ಕಿಂತ ಒಂದು ಗೇಣು ಮೇಲೆ, ಬೆರಳಿಟ್ಟರೆ ಜೀವ ಹೋಗುವಂಥ ನೋವು ಶುರುವಾಯಿತು. ನಾಲ್ಕು ದಿನ ಅದರ ಮೇಲೆಯೇ ಓಡಿದಳು. ಐದನೆಯ ದಿನ ಮೆಟ್ಟಿಲು ಇಳಿಯಲಾಗದೆ ಕೂತುಬಿಟ್ಟಾಗ ಗಂಡ ಆಟೋ ಕರೆದುಕೊಂಡು ಬಂದ.

ಮೂಳೆ ಡಾಕ್ಟರಮ್ಮ ಕಾಲಿನ ಎಕ್ಸ್‌ರೇ ತೆಗೆಸಿ ನೋಡಿ, ಟೈಲರಕ್ಕನ ಕೆಲಸ ಯಾವುದೆಂದು ಕೇಳಿ ತಿಳಿದುಕೊಂಡರು. "ಒಂದೇ ಗೆರೆ ಮೇಲೆ ಸೂಜಿ ಮತ್ತೆ ಮತ್ತೆ ಓಡಿಸಿದ್ರೆ ಬಟ್ಟೆ ಏನಾಗುತ್ತೆ?"

"ತೂತು ತೂತಾಗಿ ಅಲ್ಲೇ ಹರಿಯುತ್ತೆ."

"ನಿಮ್ಮ ಮೂಳೆ ಈಗ ಹರಿಯೋ ಹತ್ತಿರ ಬಂದಿದೆ. ಇನ್ನೂ ಹರಿದಿಲ್ಲ, ನಿಮ್ಮ ಅದೃಷ್ಟ. ಓಡಿದಾಗ ಮೂಳೆ ಸವೆಯುತ್ತೆ, ಸುಮ್ಮನಿದ್ದಾಗ ತುಂಬ್ಕೊಳ್ಳುತ್ತೆ. ನೀವು ತುಂಬ್ಕೊಳ್ಳೋಕೆ ಬಿಡಲೇ ಇಲ್ಲ. ಆರು ವಾರ ಓಟ ಬೇಡ. ಆಮೇಲೂ ದಿನಾ ಬೇಡ."

"ಓಟಕ್ಕೆ ಇನ್ನು ಐದೇ ತಿಂಗಳು ಮೇಡಂ."

"ಬಿರುಕು ಬಿಟ್ರೆ ಈ ವರ್ಷದ ಮಾತು ಬಿಡಿ, ಮತ್ತೆ ಯಾವತ್ತಾದ್ರೂ ಓಡ್ತೀರ ಅಂತ ನಾನು ಹೇಳೋಕಾಗಲ್ಲ."

ಓಟವೊಂದು ಹೋದರೆ ಹೋಗಲಿ. ಬೆಳಗಿನ ಆ ಒಂದು ಗಂಟೆ, ಯಾರ ಅಳತೆಯೂ ಇಲ್ಲದ, ಯಾರೂ ಕೇಳಲು ಬಾರದ ಆ ಒಂದು ಗಂಟೆ ಹೋಗಿಬಿಟ್ಟರೆ ತನಗೆಂದು ಏನು ಉಳಿಯುತ್ತದೆ? ಟೈಲರಕ್ಕ ಹೆದರಿ, ಹೇಳಿದಂತೆ ಕೇಳಿದಳು. ಶೂಗಳನ್ನು ಪೆಟ್ಟಿಗೆಗೆ ಹಾಕಿ ಅಟ್ಟಕ್ಕೇರಿಸಿದಳು. ಬೆಳಿಗ್ಗೆ ಏಳೂವರೆಗೇ ಅಂಗಡಿಗೆ ಹೋಗಿ ಕೂರತೊಡಗಿದಳು.

ಮೂರು ವಾರ ಕಳೆಯಿತು. ನೋವು ಒಂದು ಎಳೆಯೂ ಕಡಿಮೆಯಾಗಲಿಲ್ಲ. ಬದಲಿಗೆ ಹೆಚ್ಚಾಯಿತು. ತನ್ನ ಓಟದ ಕಥೆ ಮುಗಿಯಿತು ಎಂದು ಅವಳಿಗೆ ಒಳಗೊಳಗೇ ಖಾತ್ರಿಯಾಗಿ, ಯಾರೊಡನೆಯೂ ಹೇಳದೆ ಕೊರಗಿದಳು.

ಒಂದು ಮಧ್ಯಾಹ್ನ ಅವಳು ಮರೆತು ಹೋಗಿದ್ದ ಊಟದ ಡಬ್ಬಿ ಹಿಡಿದುಕೊಂಡು ಪೀಪಿ ಮಾಮ ಅಂಗಡಿಗೆ ಬಂದ. ಶಾಲೆ ಶುರುವಾಗುವ ಕಾಲ. ಯೂನಿಫಾರಂ ಬಟ್ಟೆ ನೆಲದಿಂದ ಸೊಂಟದೆತ್ತರಕ್ಕೆ ಬಿದ್ದಿತ್ತು. ಹೆಂಡತಿ ತಲೆ ಎತ್ತದೆ ಹೊಲಿಯುತ್ತಿದ್ದಳು. ಅವನು ಗಿರಾಕಿಗಳ ಸ್ಟೂಲಿನ ಮೇಲೆ ಕೂತ. ಎತ್ತರದ ಕುರ್ಚಿಯಲ್ಲಿ ಕೂತು ನೀರಿನೊಳಗಿನ ಕೈಕಾಲುಗಳನ್ನೇ ನೋಡಿ ನೋಡಿ ಅಭ್ಯಾಸವಾದ ಕಣ್ಣು ತಾನಾಗಿ ಕೆಳಗಿಳಿಯಿತು. ಮಷೀನಿನ ಕಬ್ಬಿಣದ ಪೆಡಲಿನ ಮೇಲೆ ಅವಳ ಬಲಗಾಲು ಮೇಲೆ ಕೆಳಗೆ, ಮೇಲೆ ಕೆಳಗೆ ಆಡುತ್ತಿತ್ತು. ಎಡಗಾಲು ಹೆಸರಿಗಷ್ಟೇ ಇತ್ತು. ಅವನು ಬಹಳ ಹೊತ್ತು ನೋಡಿದ.

"ಡಾಕ್ಟರಮ್ಮ ಕಾಲಿಗೆ ವಿಶ್ರಾಂತಿ ಅಂದ್ರಲ್ಲ?"

"ಕೊಡ್ತಾ ಇದೀನಲ್ಲ. ಮೂರು ವಾರದಿಂದ ಕೂತಲ್ಲೇ ಕೂತಿದೀನಿ."

"ಹೌದೌದು. ದಿನಕ್ಕೆ ಎಷ್ಟು ಗಂಟೆ ಹೀಗೆ ಕೂತಿರ್ತೀಯ?"

"ಹತ್ತು. ಈಗ ಕೆಲಸ ಜಾಸ್ತಿ, ಹನ್ನೊಂದು ಅನ್ನಿ."

"ಕೈ ಹಾಗೇ ಇರ್ಲಿ. ಕೆಳಗೆ ನೋಡು."

ಟೈಲರಕ್ಕ ಬಗ್ಗಿ ನೋಡಿದಳು. ಕಾಲು ತನ್ನ ಪಾಡಿಗೆ ತುಳಿಯುತ್ತಲೇ ಇತ್ತು. ಅವಳೇನೂ ಅದಕ್ಕೆ ಹೇಳಿರಲಿಲ್ಲ. ಹದಿನಾಲ್ಕನೇ ವಯಸ್ಸಿನಿಂದ ತುಳಿಯುತ್ತ ಬಂದ ಕಾಲು. ಉಸಿರಾಡುವುದನ್ನು ಯಾರಾದರೂ ಕೆಲಸ ಎಂದುಕೊಳ್ಳುತ್ತಾರೆಯೇ? ಅವಳು ಇದನ್ನೂ ಎಂದೂ ಕೆಲಸವೆಂದು ಎಣಿಸಿರಲಿಲ್ಲ. ಬೆಳಿಗ್ಗೆ ಹತ್ತು ಕಿಲೋಮೀಟರ್ ಓಡಿ, ಆಮೇಲೆ ಅದೇ ಬಲಗಾಲಿನಲ್ಲಿ ದಿನವಿಡೀ ತುಳಿದಿದ್ದಳು. ಓಟ ನಿಲ್ಲಿಸಿದ ಮೇಲೆ ಆ ಗಂಟೆಯನ್ನೂ ತುಳಿಯುವುದಕ್ಕೇ ಕೊಟ್ಟಿದ್ದಳು. ಅದಕ್ಕೆ ವಿಶ್ರಾಂತಿ ಎಂದು ಹೆಸರಿಟ್ಟಿದ್ದಳು.

ಮೊದಲು ನಕ್ಕಿದ್ದು ಗುಂಡಿಯಕ್ಕ. ಬಾಯಿಯಲ್ಲಿದ್ದ ಗುಂಡಿಗಳು ಚೆಲ್ಲಾಪಿಲ್ಲಿಯಾದವು. ಟೈಲರಕ್ಕನೂ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಗುತ್ತಿದ್ದವಳು ಗಂಡನ ಮುಖ ನೋಡಿ ನಿಲ್ಲಿಸಿದಳು. ಅವನು ನಗುತ್ತಿರಲಿಲ್ಲ. ಎದ್ದು ಬಂದು ನೆಲದ ಮೇಲೆ ಮಂಡಿಯೂರಿ ಅವಳ ಕಾಲನ್ನು ಎರಡೂ ಕೈಯಿಂದ ಪೆಡಲಿನ ಮೇಲಿಂದ ಎತ್ತಿ ಪಕ್ಕಕ್ಕಿಟ್ಟ. ಗುಂಡಿಯಕ್ಕನ ಎದುರಿಗೇ. ಇಪ್ಪತ್ತನಾಲ್ಕು ವರ್ಷದ ಸಂಸಾರದಲ್ಲಿ ಅಷ್ಟು ನಾಚಿಕೆ ಟೈಲರಕ್ಕನಿಗೆ ಎಂದೂ ಆಗಿರಲಿಲ್ಲ.

ಅಂದಿನಿಂದ ಜಾಗ ಅದಲು ಬದಲಾಯಿತು. ಗುಂಡಿಯಕ್ಕ ಮಷೀನಿಗೆ, ಟೈಲರಕ್ಕ ಗುಂಡಿಗೆ. ಆ ಮಷೀನಿನ ಮೇಲೆ ಹತ್ತು ವರ್ಷದಿಂದ ಕಣ್ಣಿಟ್ಟಿದ್ದ ಗುಂಡಿಯಕ್ಕನ ಸಂಭ್ರಮ ಕೇಳಬೇಡಿ. ಅವಳು ಹೊಲಿದ ಮೊದಲ ನಾಲ್ಕು ಲಂಗಗಳ ಹೊಲಿಗೆ ಎಡಕ್ಕೂ ಬಲಕ್ಕೂ ಹೊಯ್ದಾಡಿತ್ತು. ಟೈಲರಕ್ಕ ನಾಲಿಗೆ ಕಚ್ಚಿಕೊಂಡು ಸುಮ್ಮನೆ ಬಿಚ್ಚಿ ಕೊಟ್ಟಳು. ಐದನೆಯದು ನೆಟ್ಟಗಿತ್ತು.

ಕಾಲು ಸುಮ್ಮನಿರಲು ಕಲಿಯಿತು, ಮನಸ್ಸು ಕಲಿಯಲಿಲ್ಲ. ಓಡದೆ ಇದ್ದರೆ ಎದೆಯ ಕಸುವು ಇಳಿದುಹೋಗುತ್ತದೆ ಎಂದು ದಿನಾ ಗೊಣಗುತ್ತಿದ್ದಳು. ಮತ್ತೆ ತೋರಿಸಲು ಹೋದಾಗ ಡಾಕ್ಟರಮ್ಮ, "ನೀರಲ್ಲಿ ಓಡಿ. ಸೊಂಟಕ್ಕೆ ತೇಲೋ ಬೆಲ್ಟು ಕಟ್ಕೊಂಡು ಆಳದಲ್ಲಿ ಕಾಲಾಡಿಸಿ. ಮೂಳೆ ಮೇಲೆ ಭಾರ ಬೀಳಲ್ಲ, ಉಸಿರಿಗೆ ಪೂರಾ ಕೆಲಸ" ಎಂದರು.

ಟೈಲರಕ್ಕ ಗಂಡನ ಮುಖ ನೋಡಿದಳು. ಗಂಡ ಗೋಡೆ ನೋಡಿದ. ಮದುವೆಯಾದಾಗಿನಿಂದ ಅವನು ಒಂದು ಸಲ ನೀರಿಗಿಳಿ ಎಂದು ಕರೆಯುತ್ತಲೇ ಇದ್ದ. ನೀರು ಅಂದ್ರೆ ಬಕೆಟ್ಟಲ್ಲಿರಬೇಕು ರೀ ಎಂದು ಅವಳು ತಳ್ಳಿಹಾಕುತ್ತಲೇ ಇದ್ದಳು. ಅಷ್ಟು ಹೆದರಿಕೆ.

ಮಧ್ಯಾಹ್ನ ಒಂದರಿಂದ ಎರಡರ ತನಕ ಕೊಳ ಖಾಲಿ. ಮೇಲಿನವರ ಅನುಮತಿ ಕೇಳಿ ಆ ಹೊತ್ತಿಗೆ ಅವಳನ್ನು ಕರೆದುಕೊಂಡು ಹೋದ. ಈಜಿನ ಬಟ್ಟೆಯನ್ನು ಅವಳೇ ಹೊಲಿದುಕೊಂಡಿದ್ದಳು, ಉದ್ದ ತೋಳು, ಮಂಡಿಯ ಕೆಳಗಿನವರೆಗೆ, ಮೈಗಂಟದಂತೆ ಸಡಿಲವಾಗಿ. ನೀರಿಗಿಳಿದ ತಕ್ಷಣ ಅದರೊಳಗೆ ಗಾಳಿ ತುಂಬಿ ಬಲೂನಿನಂತೆ ಕಿವಿಯ ತನಕ ಉಬ್ಬಿತು. ಊರಿಗೆಲ್ಲ ಅಳತೆ ತೆಗೆಯುವವಳು ತನ್ನದೇ ಬಟ್ಟೆಯಲ್ಲಿ ಸಿಕ್ಕಿಹಾಕಿಕೊಂಡು ಕಂಬಿ ಹಿಡಿದು ಕೂಗಿಕೊಂಡಳು. ಪೀಪಿ ಮಾಮ ಪೀಪಿ ಊದಿದ. ಅಭ್ಯಾಸಬಲ.

ಆಳಕ್ಕೆ ಹೋಗುವ ಮೊದಲು ತೇಲಬೇಕಿತ್ತು. ಎದೆಮಟ್ಟದ ನೀರಿನಲ್ಲಿ ಅವಳನ್ನು ಅಂಗಾತ ಮಲಗಿಸಿ, ಬೆನ್ನಿನ ಕೆಳಗೆ ಒಂದು ಕೈ, ತಲೆಯ ಕೆಳಗೆ ಒಂದು ಕೈ ಇಟ್ಟ.

"ತಲೆ ಭಾರ ನನ್ನ ಕೈಗೆ ಬಿಡು."

"ಬಿಟ್ಟಿದೀನಿ."

"ಇಲ್ಲ. ಕತ್ತು ಕಲ್ಲಿನ ಹಾಗಿದೆ. ನೀನೇ ಹಿಡ್ಕೊಂಡಿದೀಯ."

ಎಂಟು ದಿನ ಹೀಗೇ ಆಯಿತು. ಹೊರಲು ಗೊತ್ತಿದ್ದ ಹೆಂಗಸಿಗೆ ಹೊರಿಸಲು ಗೊತ್ತಿರಲಿಲ್ಲ. ಎಂಟನೆಯ ದಿನ ಸಿಟ್ಟು ಬಂದು ಎದ್ದು ನಿಂತಳು. "ಇದೆಲ್ಲ ನನ್ನ ಕೈಲಿ ಆಗಲ್ಲ. ನಾಳೆಯಿಂದ ಸ್ವಲ್ಪ ಸ್ವಲ್ಪ ರಸ್ತೆಲೇ ಓಡ್ತೀನಿ. ನೋವಾದ್ರೆ ಆಗ್ಲಿ. ತಡ್ಕೋತೀನಿ."

ಪೀಪಿ ಮಾಮ ನೀರನ್ನೇ ನೋಡುತ್ತ ಕೇಳಿದ. "ನನ್ನ ಅಂಗಿಗೆ ಎಡಗಡೆ ಕಂಕುಳು ಯಾಕೆ ಅರ್ಧ ಇಂಚು ಜಾಸ್ತಿ ಇಡ್ತೀಯ?"

"ನಿಮಗೆ ಆ ಕೈ ಮೇಲಕ್ಕೆ ಬರಲ್ವಲ್ಲ. ಚಿಕ್ಕವರಿದ್ದಾಗ ಬಿದ್ದು ಪೆಟ್ಟಾಗಿದ್ದು."

"ಬಿದ್ದಿಲ್ಲ. ಹಾಗಂತ ಎಲ್ಲರಿಗೂ ಹೇಳಿದೀನಿ. ನಿನಗೂ."

ಹತ್ತೊಂಬತ್ತನೇ ವಯಸ್ಸಿನಲ್ಲಿ ಅವನು ಇಡೀ ಜಿಲ್ಲೆಗೇ ಅತಿ ವೇಗದ ಈಜುಗಾರನಾಗಿದ್ದ. ದೊಡ್ಡ ಸ್ಪರ್ಧೆಗೆ ಎರಡು ತಿಂಗಳಿತ್ತು. ದಿನಕ್ಕೆ ಎರಡು ಹೊತ್ತು ಈಜುತ್ತಿದ್ದವನು ಮೂರು ಹೊತ್ತು ಮಾಡಿದ. ಭುಜ ನೋಯತೊಡಗಿತು. ತಡೆದುಕೊಂಡ. ನೋವು ತಡೆಯುವುದೇ ಗಂಡಸುತನ ಎಂದುಕೊಂಡಿದ್ದ. ಒಂದು ಬೆಳಿಗ್ಗೆ ನೀರಿನ ಮಧ್ಯದಲ್ಲಿ ಭುಜದೊಳಗೆ ಏನೋ ಪಟ್ಟೆಂದು ಕಿತ್ತುಹೋಯಿತು. ಅಂದಿನಿಂದ ಅವನು ನೀರಿನ ಹೊರಗೆ ಕೂತು ಬೇರೆಯವರು ಈಜುವುದನ್ನು ನೋಡುತ್ತಿದ್ದಾನೆ.

"ಮೂವತ್ತು ವರ್ಷ ಆಯ್ತು. ದಿನಾ ನೋಡ್ತೀನಿ. ಹೊಟ್ಟೆ ಉರಿಯುತ್ತೆ. ನಿನಗೆ ಹಾಗಾಗೋದು ಬೇಡ" ಎಂದ. ಅವಳು ಅವನ ಬಾಯಿಂದ ಅಷ್ಟುದ್ದದ ಮಾತು ಕೇಳಿದ್ದು ಅದೇ ಮೊದಲು.

ಅವನ ಎಷ್ಟೋ ಅಂಗಿಗಳಿಗೆ ಅವಳು ಆ ಅರ್ಧ ಇಂಚು ಬಿಟ್ಟಿದ್ದಳು. ಯಾಕೆ ಎಂದು ಇನ್ನೊಂದು ಸಲ ಕೇಳಬೇಕೆಂದು ಒಂದು ದಿನವೂ ತೋಚಿರಲಿಲ್ಲ. ಅವಳಿಗೆ ಅವನ ಮೇಲೆ ಪ್ರೀತಿ ಉಕ್ಕಿ ಬಂತು, ತನ್ನ ಮೇಲೆ ನಾಚಿಕೆಯೂ ಬಂತು. ಮತ್ತೆ ಅಂಗಾತ ಮಲಗಿದಳು. ಈ ಸಲ ಅವನ ಅಂಗೈಗೆ ತಲೆಯ ಭಾರ ಪೂರ್ತಿ ಬಿತ್ತು. ಒಳ್ಳೇ ಭಾರ ಇದೆಯಲ್ಲೇ ಎಂದು ಅವನು ಗೊಣಗಿದ. ಅವಳು ಕಣ್ಣು ಮುಚ್ಚಿಕೊಂಡೇ ನಕ್ಕಳು.

ಅದಾದ ಮೇಲೆ ಬೆಲ್ಟು ಕಟ್ಟಿಕೊಂಡು ಆಳದ ನೀರಿನಲ್ಲಿ ದಿನಕ್ಕೆ ಮುಕ್ಕಾಲು ಗಂಟೆ ಓಡಿದಳು. ಮುಂದೆ ಹೋದದ್ದು ಮೊಳದಷ್ಟು, ಏದುಸಿರು ಮಾತ್ರ ಮೈಲುಗಟ್ಟಲೆ. ವಾರಕ್ಕೆರಡು ದಿನ ಅಂಗಡಿಯ ಮೆಟ್ಟಿಲಿನ ಅಂಚಿನಲ್ಲಿ ನಿಂತು, ಹಳೆಯ ಭಾರದ ಇಸ್ತ್ರಿಪೆಟ್ಟಿಗೆಯನ್ನು ಕೈಯಲ್ಲಿ ಹಿಡಿದು ಹಿಮ್ಮಡಿ ಎತ್ತಿ ಇಳಿಸಿದಳು. ಪೆಡಲು ಬಿಟ್ಟ ಏಳು ವಾರಕ್ಕೆ ಬೆರಳಿಟ್ಟು ಒತ್ತಿದರೂ ಮೂಳೆ ನೋಯಲಿಲ್ಲ. ಡಾಕ್ಟರಮ್ಮ ರಸ್ತೆಗೆ ಬಿಟ್ಟರು. ವಾರಕ್ಕೆ ಮೂರೇ ದಿನ ಓಟ, ಎರಡು ದಿನ ನೀರು, ಉಳಿದೆರಡು ದಿನ ಏನೂ ಇಲ್ಲ. ಏನೂ ಇಲ್ಲದ ಆ ಎರಡು ದಿನ ಅವಳಿಗೆ ಎಲ್ಲಕ್ಕಿಂತ ಕಷ್ಟದವು. ಐದೂವರೆಗೆ ಎಚ್ಚರವಾಗಿ ಸೂರು ನೋಡುತ್ತ ಮಲಗಿರುತ್ತಿದ್ದಳು. ಗಂಡ ಅವಳ ಮೇಲೆ ಕೈ ಹಾಕಿಕೊಂಡೇ ಗೊರಕೆ ಹೊಡೆಯುತ್ತಿದ್ದ. ಎದ್ದು ಹೋಗದಂತೆ ತಡೆಯಲೋ, ಪ್ರೀತಿಗೋ, ಅವಳು ಕೇಳಲಿಲ್ಲ.

ಮಷೀನು ಪೂರ್ತಿ ವಾಪಸು ಸಿಗಲಿಲ್ಲ. ಗುಂಡಿಯಕ್ಕ ಬಿಡಬೇಕಲ್ಲ. ಅರ್ಧ ದಿನ ಇವಳು, ಅರ್ಧ ದಿನ ಅವಳು ಎಂದಾಯಿತು.

ರಸ್ತೆಗೆ ಮರಳಿದ ಮೂರನೇ ತಿಂಗಳಲ್ಲಿ ಹತ್ತು ಕಿಲೋಮೀಟರನ್ನು ಎಪ್ಪತ್ತನಾಲ್ಕು ನಿಮಿಷಕ್ಕೆ ಮುಗಿಸಿದಾಗ ಗಡಿಯಾರ ಕೆಟ್ಟಿದೆ ಎಂದುಕೊಂಡಳು. ಕಡಿಮೆ ಓಡಿ ವೇಗ ಹೆಚ್ಚಿದ್ದು ಅವಳಿಗೆ ಮೋಸದಂತೆ ಕಂಡಿತು. ಯಾರೋ ಬಂದು ವಾಪಸು ಕೇಳುತ್ತಾರೇನೋ ಎಂಬ ಹಾಗೆ ಎರಡು ದಿನ ಯಾರಿಗೂ ಹೇಳಲಿಲ್ಲ.

ಓಟದ ದಿನ ಭಾನುವಾರ. ಕೊಳಕ್ಕೆ ವಾರದಲ್ಲೇ ಹೆಚ್ಚು ಜನ ಬರುವ ದಿನ, ಪೀಪಿ ಮಾಮನಿಗೆ ರಜೆ ಸಿಗಲಿಲ್ಲ. ಬೆಳಿಗ್ಗೆ ಅವಳ ಶೂ ದಾರ ತಾನೇ ಕಟ್ಟಿ, "ನೋವಾದ್ರೆ ನಿಲ್ಲು" ಎಂದಷ್ಟೇ ಹೇಳಿ ಕೆಲಸಕ್ಕೆ ಹೋದ.

ಹದಿನೆಂಟನೇ ಕಿಲೋಮೀಟರಿನ ತನಕ ಎಲ್ಲ ಸರಿಯಿತ್ತು. ಅದನ್ನು ದಾಟಿದ ಮೇಲೆ ಬಲಗಾಲಿನ ಅದೇ ಜಾಗದಲ್ಲಿ ಏನೋ ಚುರುಕ್ಕೆಂದಿತು. ಅದೇ ವೇಗದಲ್ಲಿ ಹೋಗಿದ್ದರೆ ಗಡುವಿಗೆ ನಾಲ್ಕು ನಿಮಿಷ ಮೊದಲೇ ಮುಟ್ಟಬಹುದಿತ್ತು. ಹಿಂದೆ ತಿರುಗಿದರೆ ಬಸ್ಸಿನ ಮೂತಿ ಕಾಣುತ್ತಿತ್ತು. ಹಲ್ಲು ಕಚ್ಚಿ ಓಡಿದರೆ ಬಸ್ಸಿಗೆ ಸಿಕ್ಕುವುದಿಲ್ಲ, ಅದು ಅವಳಿಗೆ ಗೊತ್ತಿತ್ತು. ಮೂರು ದಶಕ ಅವಳು ಮಾಡಿದ್ದೂ ಅದನ್ನೇ. ಎದೆ ಕಿತ್ತು ಬರುವಂತಾದರೂ ಅವಳು ಓಟ ನಿಲ್ಲಿಸಿ ನಡೆದಳು. ನೂರರ ತನಕ ಎಣಿಸುತ್ತ ನಡೆದಳು. ಬಸ್ಸಿನ ಸದ್ದು ಬೆನ್ನಿಗೆ ಹತ್ತಿರವಾಗುತ್ತ ಬಂತು. ಬಂದರೆ ಬರಲಿ, ಹತ್ತಿ ಕೂರುತ್ತೇನೆ, ನಾಡಿದ್ದೂ ಓಡಬೇಕು ನಾನು ಎಂದು ಜೋರಾಗಿಯೇ ಹೇಳಿಕೊಂಡಳು. ನೂರಾಯಿತು. ನಾಲ್ಕು ಹೆಜ್ಜೆ ಮೆಲ್ಲಗೆ ಓಡಿ ನೋಡಿದಳು. ನೋವಿರಲಿಲ್ಲ. ಇನ್ನೂ ಹತ್ತು ಹೆಜ್ಜೆ. ಇರಲಿಲ್ಲ. ಸ್ನಾಯು ಹಿಡಿದಿತ್ತಷ್ಟೇ. ಎರಡು ಗಂಟೆ ನಲವತ್ತಮೂರು ನಿಮಿಷಕ್ಕೆ ಗೆರೆ ದಾಟಿದಳು.

ಪದಕ ಹಾಕಿಸಿಕೊಂಡವಳು ನೀರನ್ನೂ ಕುಡಿಯದೆ ಸಿಟಿ ಬಸ್ಸು ಹತ್ತಿ ನೇರ ಈಜುಕೊಳಕ್ಕೆ ಹೋದಳು. ಎರಡು ನಲವತ್ತಮೂರು, ಎರಡು ನಲವತ್ತಮೂರು ಎಂದು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡಳು. ಕೊಳದ ತುಂಬ ಮಕ್ಕಳು. ಗಂಡ ಎತ್ತರದ ಕುರ್ಚಿಯಲ್ಲಿ ಬೆನ್ನು ತೋರಿಸಿ ಕೂತಿದ್ದ. ನೀರಿನಲ್ಲಿ ಜನ ಇರುವಾಗ ಅವನು ಅಲ್ಲಿಂದ ಕಣ್ಣು ತೆಗೆಯುವ ಹಾಗಿಲ್ಲ, ಯಾರು ಬಂದರೂ, ಏನೇ ಆದರೂ. ಅವಳು ಒದ್ದೆ ನೆಲದ ಮೇಲೆ ನಡೆದು ಹೋಗಿ ಕುರ್ಚಿಯ ಕೆಳಗೆ ನಿಂತಳು. ಬಾಯಿ ತೆರೆಯುವಷ್ಟರಲ್ಲಿ ಅವನೇ ತಿರುಗದೆ ಹೇಳಿದ.

"ಕುಂಟ್ತಾ ಇಲ್ಲ."

"ಏನು?"

"ನೀನು ಹತ್ತಿರ ಬರೋವಾಗ ಕೇಳಿಸ್ಕೊಂಡೆ. ಎರಡೂ ಹೆಜ್ಜೆ ಸಮ ಬೀಳ್ತಾ ಇದೆ. ಕಾಲು ನೋವಿದೆಯಾ?"

"ಎಷ್ಟು ಹೊತ್ತಿಗೆ ಮುಗಿಸ್ದೆ ಅಂತ ಕೇಳಲ್ವಾ?"

"ಆಮೇಲೆ ಕೇಳ್ತೀನಿ. ನೋವಿದೆಯಾ, ಹೇಳು."

ಟೈಲರಕ್ಕ ಉತ್ತರ ಹೇಳಲು ಹೋದಳು. ಕುರ್ಚಿಯ ಕಬ್ಬಿಣದ ಕಾಲು ಹಿಡಿದುಕೊಂಡಳು. ಇಷ್ಟು ವರ್ಷದಲ್ಲಿ ಎಷ್ಟಾಯ್ತು, ಯಾವಾಗ ಮುಗಿಯುತ್ತೆ ಎಂದು ಕೇಳದವರಿಲ್ಲ. ನೋವಿದೆಯಾ ಎಂದು, ಉತ್ತರ ಸಿಗುವ ತನಕ ಬಿಡದೆ ಎರಡೆರಡು ಸಲ ಕೇಳಿದವನು ಇವನೊಬ್ಬನೇ.

"ಇಲ್ಲ ರೀ. ಒಂಚೂರೂ ಇಲ್ಲ" ಎಂದಳು. ಮಕ್ಕಳೆಲ್ಲ ನೋಡುತ್ತಿದ್ದಾರೆ ಎಂದು ಗೊತ್ತಿದ್ದೂ ಅತ್ತಳು. ನಲ್ಲಿ ಬಿಟ್ಟುಕೊಳ್ಳದೆ ಅತ್ತಳು.

ಅವನು ನೀರಿನಿಂದ ಕಣ್ಣು ತೆಗೆಯಲಿಲ್ಲ. ಆ ಕಣ್ಣಿಗೆ ನೀರು ಸರಿಯಾಗಿ ಕಾಣುತ್ತಿತ್ತೋ ಇಲ್ಲವೋ, ರೆಪ್ಪೆ ಬಡಿದು ಬಡಿದು ನೋಡುತ್ತಿದ್ದ. ಬಲಗೈಯನ್ನು ಮಾತ್ರ ಕುರ್ಚಿಯಿಂದ ಕೆಳಕ್ಕೆ ಇಳಿಬಿಟ್ಟ. ಅವಳು ಅದನ್ನು ಹಿಡಿದುಕೊಂಡು, ಅವನ ಪಾಳಿ ಮುಗಿಯುವ ತನಕ ಆ ಒದ್ದೆ ನೆಲದ ಮೇಲೆಯೇ ಕೂತಿದ್ದಳು.